ಮೂರು ಮದುವೆಯ ಮುದುಕರು

ಬೆಂಗಳೂರಿನ ಸಭೆಯಲ್ಲಿ ಶಾಲು ಹೊದಿಸಿದಾಗ ನಮ್ಮ ಮುದುಕರು ಮೊದಲು ಕೇಳಿದ್ದು, ಇದು ಯಾವ ಪ್ರಾಣಿಯ ಕೂದಲು ಎಂದು. ಹೊದಿಸಿದ ಮಂತ್ರಿಗಳಿಗೆ ಗೊತ್ತಿರಲಿಲ್ಲ. ಅವರು ಕಾರ್ಯದರ್ಶಿಯನ್ನು ನೋಡಿದರು, ಕಾರ್ಯದರ್ಶಿ ಪಕ್ಕದವರನ್ನು ನೋಡಿದರು. ಪ್ರಶ್ನೆ ವೇದಿಕೆಯ ತುದಿಯವರೆಗೂ ಹೋಗಿ "ಕುರಿಯದ್ದಿರಬೇಕು" ಎಂಬ ಉತ್ತರದೊಂದಿಗೆ ಹಿಂತಿರುಗಿತು. "ಕುರಿಯಾದರೆ ಸರಿ, ಅದಕ್ಕೆ ಮತ್ತೆ ಬೆಳೀತದೆ" ಎಂದು ಮುದುಕರು ಶಾಲನ್ನು ಎರಡೂ ಭುಜಕ್ಕೆ ಸರಿಮಾಡಿಕೊಂಡು ಕುಳಿತರು.

ಆಮೇಲೆ ಮಾನಪತ್ರ ಓದಿದರು. ಕಾಡುಪ್ರಾಣಿಗಳನ್ನು ಉಳಿಸುವುದಕ್ಕೂ ಅವುಗಳ ಚಲನಚಿತ್ರ ತೆಗೆಯುವುದಕ್ಕೂ ಜೀವಮಾನವನ್ನೆಲ್ಲ ಕೊಟ್ಟವರು ಎಂದು ಅದರಲ್ಲಿತ್ತು. ಬರೆದವಳು ನಾನೇ, ಒಂದೂವರೆ ಪುಟ, ಒಂದೂ ಸುಳ್ಳಿಲ್ಲ. ಆದರೆ ಒಂದು ಸಂಗತಿ ಅದರಲ್ಲಿ ಬಿಟ್ಟುಹೋಗಿತ್ತು. ಆ ಸಭೆ ನಿಜಕ್ಕೂ ಮೂರು ವಾರ ಮೊದಲೇ ಆಗಬೇಕಿತ್ತು. ಹೊರಡಬೇಕಾದ ದಿನ ನಮ್ಮಿಂದ ಒಂದು ತಂತಿ ಹೋಯಿತು: ಮನೆಯಲ್ಲಿ ಪುರುಡು, ಹನ್ನೆರಡು ದಿನ ಬರುವಂತಿಲ್ಲ. ತಂತಿ ಹೋದದ್ದು ಎಪ್ಪತ್ತು ದಾಟಿದ, ಮಕ್ಕಳಿಲ್ಲದ ದಂಪತಿಗಳ ಮನೆಯಿಂದ. ಸಂಘಟಕರು ಸಭ್ಯರು, ಏನೂ ಕೇಳದೆ ದಿನ ಮುಂದೂಡಿದರು. ಆದರೆ ಸಭೆಯಲ್ಲಿ ಮುದುಕರ ಹೆಂಡತಿಗೆ ಹೂವು ಕೊಟ್ಟ ಮಹಿಳೆ ಕೊನೆಯವರೆಗೂ ಆ ಬಿಳಿಕೂದಲ ಹೆಂಗಸನ್ನೇ ಕದ್ದು ಕದ್ದು ನೋಡುತ್ತಿದ್ದರು. ಆ ತಂತಿಯನ್ನು ಬರೆದವಳೂ ನಾನೇ ಆದ್ದರಿಂದ ವಿವರಿಸುವ ಹೊಣೆ ನನ್ನದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನಮ್ಮದು ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಕುಟುಂಬ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ಕರಿಕೆಗೆ ಹೋಗುವ ದಾರಿಯ ಒಂದು ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಉಳಿದುಕೊಳ್ಳಲು ಈ ಮುದುಕರ ಮನೆಯ ಹೊರಗಿನ ಕೋಣೆ ಕೊಟ್ಟರು. ಮೊದಲ ದಿನ ನಾನು ಪೆಟ್ಟಿಗೆ ಹಿಡಿದು ಜಗಲಿಯಲ್ಲಿ ನಿಂತಿದ್ದೆ. ಒಳಗೆ ಯಾರೂ ಕಾಣಲಿಲ್ಲ. ಮೂಲೆಯಲ್ಲಿದ್ದ ಭತ್ತ ತುಂಬುವ ದೊಡ್ಡ ಮರದ ಪತ್ತಾಯ ಮಾತಾಡಿತು.

"ಯಾರದು?"

"ಹೊಸ ಟೀಚರ್" ಎಂದೆ.

"ಮುಚ್ಚಳ ತೆಗೀಬೇಡಿ. ತೆಗೆದರೆ ನಾಲ್ಕು ಆನೆ, ಒಂದು ಮರಿ ಹಾಳಾಗಿಹೋಗ್ತವೆ."

ಖಾಲಿ ಪತ್ತಾಯದೊಳಗೆ ಕಂಬಳಿ ಹೊದ್ದು ಕುಳಿತು ಕ್ಯಾಮೆರಾದ ಫಿಲಂ ಬದಲಿಸುವುದು ಅವರ ಪದ್ಧತಿ. ಆ ಮನೆಯಲ್ಲಿ ಅಷ್ಟು ಕತ್ತಲೆಯ ಜಾಗ ಬೇರೆ ಇರಲಿಲ್ಲ. ಬಂದವರು ಪತ್ತಾಯಕ್ಕೆ ನಮಸ್ಕಾರ ಹೇಳಿ, ಪತ್ತಾಯದ ಜೊತೆ ಕಾಫಿ ಧಾರಣೆ ಮಾತಾಡಿ, ಪತ್ತಾಯಕ್ಕೆ ಹೇಳಿ ಹೋಗುತ್ತಿದ್ದುದನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ.

ಮಾತಿನ ನಡುವೆ ಹಕ್ಕಿ ಕೂಗಿದರೆ ಅವರು ಮಾತು ನಿಲ್ಲಿಸಿ ಎದ್ದುಹೋಗುತ್ತಿದ್ದರು. ವಾಕ್ಯ ಅಲ್ಲೇ ಉಳಿಯುತ್ತಿತ್ತು. ಒಮ್ಮೆ ಸೋಮವಾರ "ಸೀಳುನಾಯಿಗಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ" ಎಂದು ಎದ್ದವರು ಗುರುವಾರ ಊಟದ ಹೊತ್ತಿಗೆ "ಅವುಗಳಿಗೆ ನಾಚಿಕೆ ಇಲ್ಲ ಅಂತ ತಿಳಿಯೋದು" ಎಂದು ಮುಗಿಸಿದರು. ಅವರ ಹೆಂಡತಿ ತಲೆ ಎತ್ತದೆ ಪಾತ್ರೆಯಿಂದ ಸಾರು ಬಡಿಸಿದರು. ಅವರನ್ನು ನಾನು ಎಲ್ಲರಂತೆ ಅವ್ವ ಎನ್ನುತ್ತಿದ್ದೆ. "ನಮ್ಮ ಮದುವೆ ದಿನ ಶುರು ಮಾಡಿದ ಒಂದು ಮಾತು ಇನ್ನೂ ಬಾಕಿ ಉಂಟು" ಎಂದರು ಅವ್ವ.

ಅವರ ಸಿನಿಮಾಗಳಲ್ಲಿ ಧ್ವನಿ ಇರುತ್ತಿರಲಿಲ್ಲ. ಜೀಪಿನಲ್ಲಿ ಪ್ರೊಜೆಕ್ಟರು, ಡೈನಮೋ, ಬಿಳಿ ಪರದೆ ಹೇರಿಕೊಂಡು ಎಸ್ಟೇಟಿನ ಕೂಲಿ ಲೈನುಗಳಿಗೆ, ಶಾಲೆಗಳಿಗೆ ಹೋಗಿ ತೋರಿಸುತ್ತಿದ್ದರು. ಪಕ್ಕದಲ್ಲಿ ನಿಂತು ತಗಡಿನ ಕೊಳವೆಯಲ್ಲಿ ವಿವರ ಹೇಳಲು ಒಬ್ಬರು ಬೇಕಿತ್ತು. ನನ್ನನ್ನು ಪರೀಕ್ಷಿಸಲು ಒಂದು ಭಾನುವಾರ ಮರದ ಮೇಲಿನ ಅಟ್ಟಣಿಗೆಯಲ್ಲಿ ಮೂರು ಗಂಟೆ ಕೂರಿಸಿದರು. ಏನೂ ಬರಲಿಲ್ಲ. ನಾನೂ ಏನೂ ಮಾತಾಡಲಿಲ್ಲ. ಇಳಿದ ಮೇಲೆ "ಇವಳು ಆಗ್ತಾಳೆ" ಎಂದು ಅವ್ವನಿಗೆ ಹೇಳಿದರು. ಮಾತಾಡುವ ಕೆಲಸಕ್ಕೆ ನನ್ನನ್ನು ಆರಿಸಿದ್ದು ಮಾತಾಡದ್ದಕ್ಕಾಗಿ. ಅವರು ಕಲಿಸಿದ ಪಾಠವೂ ಒಂದೇ: "ಆನೆ ಬಂದಾಗ ಇದು ಆನೆ ಅನ್ನಬೇಡಿ. ಅದು ನೋಡಿದವರಿಗೆ ಕಾಣ್ತದೆ. ಅದು ಎಲ್ಲಿಗೆ ಹೊರಟಿದೆ ಹೇಳಿ."

ಆ ಮನೆಯ ನಡುಗೋಡೆಯಲ್ಲಿ ಒಂದು ಹಳೆಯ ಫೋಟೋ ಇತ್ತು. ಕೊಡವರ ನಿಲುವಂಗಿ ಕುಪ್ಯ ತೊಟ್ಟು ರುಮಾಲು ಸುತ್ತಿದ, ಮೀಸೆ ಈಗಷ್ಟೇ ಬಂದ ಯುವಕ. ಪಕ್ಕದಲ್ಲಿ ಕಂಬಕ್ಕೆ ಕಟ್ಟಿ ನಿಲ್ಲಿಸಿದ ಸತ್ತ ಹುಲಿ. ಅದು ನರಿಮಂಗಲದ ಚಿತ್ರ. ಕೊಡವರ ಮಾತಿನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನಂತೆ ಸಿಂಗರಿಸಿ, ಚಪ್ಪರದಲ್ಲಿ ಮುಕ್ಕಾಲಿಯ ಮೇಲೆ ಹುಲಿಯ ಪಕ್ಕ ಕೂರಿಸಿ, ಊರವರೆಲ್ಲ ಅಕ್ಕಿ ಹಾಕಿ ಹರಸಿ, ಗಿಂಡಿಯಿಂದ ಹಾಲು ಕುಡಿಸುತ್ತಾರೆ. ಅದಕ್ಕಿಂತ ದೊಡ್ಡ ಗೌರವ ಊರಲ್ಲಿಲ್ಲ. ಅವ್ವ ದಿನಾ ಆ ಫೋಟೋದ ಧೂಳು ಒರೆಸುವಾಗ "ಹಿರಿಯ ಸವತಿ" ಎನ್ನುತ್ತಿದ್ದರು.

ಅಷ್ಟು ಒಳ್ಳೆಯ ಗುರಿಕಾರ ಕೋವಿ ಬಿಟ್ಟದ್ದು ಯಾಕೆಂದು ನಾನು ಒಮ್ಮೆ ಕೇಳಿದೆ. ಆ ದಿನ ಮಾತ್ರ ಅವರು ವಾಕ್ಯವನ್ನು ಒಂದೇ ಸಲ ಮುಗಿಸಿದರು. "ಅಕ್ಕಿ ಕಾಳು ಅದರ ತೆರೆದ ಕಣ್ಣಿಗೆ ಬಿತ್ತು, ಅದು ರೆಪ್ಪೆ ಬಡೀಲಿಲ್ಲ."

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ಮನೆಯಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸತ್ತರೆ ಬೆನ್ನುಬೆನ್ನಿಗೆ ಎರಡು. ಬಂದ ಹೊಸತರಲ್ಲಿ ಗುಂಡಿನ ಸದ್ದು ಕೇಳಿ ನಾನು ಅಡಿಗೆಮನೆಗೆ ಓಡಿದ್ದೆ. ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು "ಒಂದೇ. ಯಾರದ್ದೋ ಮಗು" ಎಂದರು. ಮತ್ತೆ ಉಂಡೆ ಕಟ್ಟುತ್ತಾ, "ನಮ್ಮ ಅಂಗಳದಲ್ಲಿ ಎರಡು ಹಾರಿದ್ದುಂಟು. ಒಂದು ಹಾರಿದ್ದಿಲ್ಲ" ಎಂದರು.

ಆ ವರ್ಷ ನಾಟಿಯ ಸಮಯದಲ್ಲಿ ಒಂದು ಹೆಣ್ಣು ಹುಲಿ ಪಕ್ಕದ ತೋಟದ ಪೂವಯ್ಯನ ಎರಡು ಹಸುಗಳನ್ನು ಹಿಡಿಯಿತು. ಪೂವಯ್ಯ ಇವರಿಗೆ ದಾಯಾದಿ ತಮ್ಮ; ಊರಿನಲ್ಲಿ ಅವನಷ್ಟು ಗುರಿ ಈಗ ಯಾರಿಗೂ ಇಲ್ಲ. ಆದರೆ ಗದ್ದೆ ಕೆಲಸದ ದಿನಗಳಲ್ಲಿ ಕೋವಿಗಳೆಲ್ಲ ದೇವರ ಕೋಣೆ ಸೇರಿರುತ್ತವೆ. ಆಯುಧದ ಹಬ್ಬವಾದ ಕೈಲ್ ಮುಹೂರ್ತದ ದಿನ ಪೂಜೆ ಮಾಡಿ ಈಚೆಗೆ ತರುವವರೆಗೆ ಮುಟ್ಟುವಂತಿಲ್ಲ. ಪೂವಯ್ಯ ಜಗಲಿಗೆ ಬಂದು ಹೇಳಿದ:

"ಅಣ್ಣ, ಹಬ್ಬದ ಮಾರನೇ ದಿನ ಬೆಳಿಗ್ಗೆ ಊರವರೆಲ್ಲ ಬೆಟ್ಟ ಹತ್ತುತ್ತೇವೆ. ನಿನ್ನ ಕ್ಯಾಮೆರಾ ಸಾಮಾನು ದಾರೀಲಿ ಇದ್ದರೆ ತೆಗೆದುಬಿಡು."

"ಅದು ಈ ಬೆಟ್ಟದ ಕೊನೇ ಹೆಣ್ಣುಹುಲಿ, ಪೂವಯ್ಯ."

"ಅವು ನನ್ನ ಕೊಟ್ಟಿಗೆಯಲ್ಲಿ ಹಾಲು ಕೊಡುವ ಕೊನೇ ಹಸುಗಳು."

ಇಬ್ಬರ ಮಾತೂ ನಿಜವಾಗಿದ್ದರಿಂದ ಚರ್ಚೆ ಬೆಳೆಯಲಿಲ್ಲ. ಮರುದಿನದಿಂದ ಅವರು ತೊರೆಯ ಪಕ್ಕದ ಮರದಲ್ಲಿ ಕೂತರು. ಆ ಮಳೆಯಲ್ಲಿ ಗದ್ದೆಯ ಹೆಂಗಸರು ಹೊದೆಯುವ ಗೊರಬೆಯನ್ನು ಕ್ಯಾಮೆರಾಕ್ಕೆ ಹೊದಿಸಿ ತಾವು ನೆನೆದರು. ಶೀತ, ಜ್ವರ, ಮತ್ತೆ ಶೀತ. ಅವ್ವ ಕರಿಮೆಣಸಿನ ಕಷಾಯ ಕಾಯಿಸಿ ಫ್ಲಾಸ್ಕಿಗೆ ಹಾಕಿ ನನ್ನ ಕೈಯಲ್ಲಿ ಕಳಿಸುತ್ತಾ "ಇಷ್ಟು ನನಗಾಗಿ ಕಾಯಲಿಲ್ಲ ಇವರು" ಎನ್ನುತ್ತಿದ್ದರು. ಇಪ್ಪತ್ತಾರನೆಯ ದಿನ ಮಳೆ ಬಿಟ್ಟ ಒಂದು ಮಧ್ಯಾಹ್ನ ಅವರು ಹಲ್ಲು ಕಡಕಡ ಎನ್ನಿಸುತ್ತಾ ಬಂದು, ಯಾರಿಗೂ ಏನೂ ಹೇಳದೆ ಪತ್ತಾಯದೊಳಗೆ ಇಳಿದರು. ಒಳಗಿನಿಂದ ಹಾಡು ಕೇಳಿಸಿತು. ಅವರು ಹಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಮತ್ತೆ ಕೇಳುವ ಆಸೆಯೂ ಆಗಲಿಲ್ಲ.

ಫಿಲಂ ತೊಳೆಯಲು ಬೊಂಬಾಯಿಗೆ ಹೋಯಿತು. ಅಂಚೆಯವನು ಅದನ್ನು ತಂದುಕೊಟ್ಟದ್ದು ಹಬ್ಬದ ದಿನ ಬೆಳಿಗ್ಗೆ.

ಮಧ್ಯಾಹ್ನ ಹಬ್ಬದ ಊಟವಾಗಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಮುಗಿದ ಮೇಲೆ, ಅವರು ಕೋವಿ ಹಿಡಿದ ಅಷ್ಟೂ ಗಂಡಸರನ್ನು ತಮ್ಮ ಕಾಫಿ ಗೋದಾಮಿಗೆ ಕರೆದರು. ಬಾಗಿಲು ಕಿಟಕಿಗಳಿಗೆ ಗೋಣಿಚೀಲ ಬಡಿದು ಕತ್ತಲೆ ಮಾಡಿದ್ದೆವು. ಊರಿನ ಹಿರಿಯರಾದ ತಕ್ಕರು ಮುಂದೆ ಕುಳಿತರು. ಬೆಂಗಳೂರಿನ ಸಭೆಯ ಯೋಚನೆ ಆಗ ಇರಲಿಲ್ಲ. ಆದರೆ ಊರವರು ಅವರಿಗೊಂದು ಸನ್ಮಾನ ಮಾಡಬೇಕೆಂದು ಬಹಳ ವರ್ಷಗಳಿಂದ ಹೇಳುತ್ತಲೇ ಇದ್ದರು.

"ಆ ಸನ್ಮಾನ ಇವತ್ತು ಮಾಡಿ" ಎಂದರು ಅವರು.

"ಇವತ್ತು ಹಾರ ಇಲ್ಲ" ಎಂದರು ತಕ್ಕರು.

"ಹಾರ ಬೇಡ. ನರಿಮಂಗಲ ಮಾಡಿ."

"ಹುಲಿ ಎಲ್ಲಿ?"

"ಡಬ್ಬಿಯಲ್ಲಿ ಉಂಟು."

ಪೂವಯ್ಯ ನಕ್ಕ. "ಅಣ್ಣ, ಮಂಗಲ ಹೊಡೆದವನಿಗೆ. ನೀನು ಹೊಡೆದಿಲ್ಲವಲ್ಲ."

"ಒಂದು ಹೊಡೆದೆ, ಮದುವೆ ಮಾಡಿದಿರಿ. ಹೆಣ್ಣು ಸತ್ತಿತ್ತು. ಒಬ್ಬರೂ ಆಕ್ಷೇಪ ಹೇಳಲಿಲ್ಲ. ಇವಳು ಬದುಕಿದ್ದಾಳೆ, ಕಣ್ಣುಕಿವಿ ನೆಟ್ಟಗಿದೆ. ಇದಕ್ಕೆ ಆಕ್ಷೇಪವಾ?"

ತಕ್ಕರು ವಿಚಾರಣೆ ಶುರು ಮಾಡಿದರು. "ಎಷ್ಟು ದೂರದಲ್ಲಿತ್ತು?"

"ಇಲ್ಲಿಂದ ಆ ಬಾಗಿಲಿಗೆ."

"ಕೈಯಲ್ಲಿ ಕೋವಿ?"

"ಇಲ್ಲ. ಕಷಾಯದ ಫ್ಲಾಸ್ಕು."

"ಕೋವಿ ಇಲ್ಲದೆ ಅಷ್ಟು ಹತ್ತಿರ ಕೂತವನಿಗೆ ಮಂಗಲ ಮಾಡಬಹುದು" ಎಂದು ತಕ್ಕರು ತೀರ್ಪು ಹೇಳಿದರು. ಹಬ್ಬದ ಹುರುಪಿನಲ್ಲಿದ್ದ ಜನಕ್ಕೆ ಅಷ್ಟು ಸಾಕಾಗಿತ್ತು. ಯಾರೋ ಮುಕ್ಕಾಲಿ ತಂದರು, ಯಾರೋ ತಮ್ಮ ಕುಪ್ಯ ಬಿಚ್ಚಿ ತೊಡಿಸಿದರು. ಅವರನ್ನು ಪರದೆಯ ಪಕ್ಕ ಕೂರಿಸಿದರು. ಪ್ರೊಜೆಕ್ಟರು ನನ್ನ ಪಾಲಿಗೆ ಬಂತು.

ಆಗ ತಕ್ಕರು ಕೈ ಎತ್ತಿದರು. "ನಿಲ್ಲಿ. ಜೀವಂತ ಹೆಣ್ಣಾದರೆ ಹಕ್ಕು ಕೇಳಬೇಕು."

ಕೊಡವರ ಮದುವೆಗಳಲ್ಲಿ ಎರಡೂ ಕಡೆಯವರು ಎದುರುಬದುರು ನಿಂತು, ಬರುವ ಹೆಣ್ಣಿಗೆ ಆ ಮನೆಯಲ್ಲಿ ಏನೇನು ಹಕ್ಕುಂಟು ಎಂದು ಕೇಳಿ ಒಪ್ಪಿಸಿಕೊಳ್ಳುವ ಶಾಸ್ತ್ರವಿದೆ. ಸತ್ತ ಹುಲಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

"ಗಂಡಿನ ಕಡೆಗೆ ತಮ್ಮ ಪೂವಯ್ಯ ನಿಲ್ಲಲಿ. ಹೆಣ್ಣಿನ ಕಡೆ ಯಾರು?"

ಯಾರೂ ಏಳಲಿಲ್ಲ. ಎಲ್ಲರೂ ಗಂಡಿನ ಒಕ್ಕದ, ಅಂದರೆ ಮನೆತನದವರು, ಇಲ್ಲವೇ ನೆಂಟರು. ಮದುಮಗ ಪ್ರೊಜೆಕ್ಟರಿನತ್ತ ಬೆರಳು ತೋರಿಸಿದರು. "ಟೀಚರಮ್ಮ ಹೊರಗಿನವರು. ಹುಲಿಯ ಹಾಗೆ ಮಾತೂ ಕಡಿಮೆ."

ನಾನು ತರಗತಿಯ ಹೊರಗೆ ಗಂಡಸರ ಗುಂಪಿನ ಮುಂದೆ ಎಂದೂ ಮಾತಾಡಿದವಳಲ್ಲ. ಕೈಯಲ್ಲಿ ತಗಡಿನ ಕೊಳವೆ ಇತ್ತು. ಅದರ ಹಿಂದೆ ಮುಖ ಮರೆಮಾಡಿಕೊಂಡು ಕೇಳಿದೆ. "ನಮ್ಮ ಹುಡುಗಿಗೆ ಆ ಬೆಟ್ಟದಲ್ಲಿ ಓಡಾಡುವ ಹಕ್ಕು ಉಂಟೇ?"

ಜನ ಹೋ ಎಂದು ನಕ್ಕರು. ಪೂವಯ್ಯನೂ ನಕ್ಕು "ಉಂಟು" ಎಂದ.

"ತೊರೆಯ ನೀರಿಗೆ?"

"ಉಂಟು."

"ಕಾಡುಹಂದಿಗೆ, ಕಡವೆಗೆ?"

"ಉಂಟು, ಉಂಟು. ಹಂದಿ ಎಷ್ಟು ಬೇಕಾದರೂ ತಿನ್ನಲಿ." ಆಮೇಲೆ ಅವನ ನಗು ಸ್ವಲ್ಪ ನಿಂತಿತು. "ನನ್ನ ಹಸುವಿಗೆ ಇಲ್ಲ."

"ಹಸುವಿಗೆ ಇಲ್ಲ" ಎಂದು ಒಪ್ಪಿದೆ. "ಆದರೆ ಕೊಟ್ಟಿಗೆಗೆ ಗಟ್ಟಿ ಬಾಗಿಲು ಮಾಡಿಸುವ ಹೊಣೆ ಮದುಮಗನದು."

"ಒಪ್ಪಿದೆ" ಎಂದರು ಮುಕ್ಕಾಲಿಯ ಮೇಲಿದ್ದವರು. "ನಾಳೆಯೇ ಬಡಗಿಯನ್ನು ಕಳಿಸ್ತೇನೆ."

ನಾನು ಪ್ರೊಜೆಕ್ಟರು ಹಾಕಿದೆ. ಹೊರಗೆ ಜೀಪಿಗೆ ಕಟ್ಟಿದ ಡೈನಮೋ ಗುಡುಗುಟ್ಟಿತು. ಪರದೆಯ ಮೇಲೆ ಒದ್ದೆ ಎಲೆಗಳು ಅಲುಗಿದವು, ಎಲೆಗಳ ನಡುವೆ ಅವಳ ಮುಖ ಬಂತು. ಅಷ್ಟು ಜನರಲ್ಲಿ ಹುಲಿ ಹೊಡೆದವರು ಇದ್ದರು. ಅದು ನೀರು ಕುಡಿಯುವುದನ್ನು ನೋಡಿದವರು ಇರಲಿಲ್ಲ. ಅವಳು ಕುಡಿದು ತಲೆ ಎತ್ತಿ ನೆಟ್ಟಗೆ ನಮ್ಮನ್ನು ನೋಡಿದಳು. ತಕ್ಕರು ಎದ್ದು ಅಕ್ಕಿ ಹಾಕಿದರು. ಕಾಳುಗಳು ಪರದೆಗೆ ಬಡಿದ ಕ್ಷಣದಲ್ಲೇ ಅವಳು ರೆಪ್ಪೆ ಬಡಿದಳು.

ಮುಕ್ಕಾಲಿಯ ಮೇಲಿದ್ದವರು ಮುಖ ಆಚೆ ತಿರುಗಿಸಿದರು.

ಚಿತ್ರ ಇದ್ದದ್ದು ಮುಕ್ಕಾಲು ನಿಮಿಷ. ಅಕ್ಕಿ ಹಾಕಬೇಕಾದವರು ಅರುವತ್ತು ಜನ. ಆದ್ದರಿಂದ ಹಿಂದಕ್ಕೆ ಸುತ್ತಿ ಸುತ್ತಿ ತೋರಿಸಿದೆ. ನಾಲ್ಕನೆಯ ಸಲದ ಹೊತ್ತಿಗೆ ಜನ ಹದ ಕಂಡುಕೊಂಡಿದ್ದರು. ಅವಳು ರೆಪ್ಪೆ ಬಡಿಯುವ ಗಳಿಗೆಗೇ ಸರಿಯಾಗಿ ಅಕ್ಕಿ ಬೀಳಬೇಕು. ಬಿದ್ದರೆ ಅವರು ಹರಸಿದ್ದು ಅವಳಿಗೆ ಮುಟ್ಟಿತೆಂದು ಲೆಕ್ಕ. ತಪ್ಪಿದವರು ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು. ಅರುವತ್ತು ಜನ ಗುರಿಕಾರರು ಹುಲಿಗೆ ಅಕ್ಕಿಯಲ್ಲಿ ಗುರಿಯಿಡುತ್ತಾ ತಳ್ಳಾಡುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ತರಗತಿಯ ನಡುವೆ ಪಾಠ ತಪ್ಪುತ್ತದೆ. ಹೆಂಗಸರೂ ಬಂದು ಸೇರಿದರು. ಕೊನೆಗೆ ಅವ್ವ ಬಂದರು. ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲನೆಯವಳು ಗೋಡೆ ಮೇಲೆ, ಎರಡನೆಯವಳು ಅಡಿಗೆಮನೆಯಲ್ಲಿ, ಮೂರನೆಯವಳು ಬೆಟ್ಟದಲ್ಲಿ. ಸದ್ಯ, ಮೂವರೂ ಒಂದೇ ಕಡೆ ಇಲ್ಲ" ಎಂದು ಅಕ್ಕಿ ಹಾಕಿದರು. ಅವರದ್ದು ಮೊದಲ ಸಲಕ್ಕೇ ಸರಿಯಾಗಿ ಬಿತ್ತು.

ಗೋಣಿಚೀಲ ತೆಗೆದು ಬೆಳಕು ಬಂದಾಗ ಪೂವಯ್ಯನಿಗೆ ನೆನಪಾಯಿತು. "ಹಾಗಾದರೆ ನಾಳೆಯ ಬೇಟೆ?"

"ಯಾರ ಮೇಲೆ?" ಎಂದರು ತಕ್ಕರು. "ನಿನ್ನ ಅತ್ತಿಗೆ ಮೇಲಾ?"

ಪೂವಯ್ಯ ಸುತ್ತಲೂ ನೋಡಿದ. ಹಕ್ಕುಗಳನ್ನೆಲ್ಲ ತನ್ನ ಬಾಯಿಂದಲೇ ಕೊಟ್ಟಿದ್ದ. "ನೀವೆಲ್ಲ ಸೇರಿ ನನ್ನನ್ನು ಹಳ್ಳಕ್ಕೆ ಕೆಡವಿದಿರಿ" ಎಂದು ಕೋವಿ ಹೆಗಲಿಗೇರಿಸಿ ಹೊರಟುಹೋದ. ಮಾರನೆಯ ದಿನ ಯಾರೂ ಬೆಟ್ಟ ಹತ್ತಲಿಲ್ಲ. ಬಡಗಿ ಮಾತ್ರ ಕೊಟ್ಟಿಗೆಗೆ ಹೋದ.

ಆದರೆ ಪೂವಯ್ಯನ ಸಿಟ್ಟು ಇಳಿಯಲಿಲ್ಲ. ಕಾಫಿ ಪಿಕಿಂಗ್ ಶುರುವಾದರೂ ಅವನು ಜಗಲಿ ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕವರು "ಅತ್ತಿಗೆ ಚೆನ್ನಾಗಿದ್ದಾಳಾ?" ಎಂದು ಕೇಳಿದರೆ ಹಲ್ಲು ಕಡಿಯುತ್ತಿದ್ದ. ಕಿತ್ತಳೆ ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಲು ದಿನಾ ಕೋವಿ ಹಿಡಿದು ಬೆಟ್ಟದ ಅಂಚಿಗೆ ಹೋಗುತ್ತಿದ್ದ. ಅವನು ಅತ್ತ ಹೋದಾಗಲೆಲ್ಲ ಇವರು ಜಗಲಿಗೆ ಬಂದು ನಿಲ್ಲುತ್ತಿದ್ದರು.

ಬೆಂಗಳೂರಿಗೆ ಹೊರಡುವ ದಿನ ಬೆಳಿಗ್ಗೆ ಜೀಪಿಗೆ ಸಾಮಾನು ಏರಿಸಿ ಆಗಿತ್ತು. ಅವ್ವ ಒಳ್ಳೆಯ ಸೀರೆ ಉಟ್ಟಿದ್ದರು. ಅವರು ಹೊಸ ಕೋಟು ತೊಟ್ಟು ಒಂದು ಕಾಲು ಜೀಪಿನೊಳಗೆ ಇಟ್ಟಿದ್ದರು. ಬೆಟ್ಟದ ಕಡೆಯಿಂದ ಗುಂಡಿನ ಸದ್ದು ಬಂತು.

ಮೂವರೂ ಎರಡನೆಯದಕ್ಕೆ ಕಾದೆವು. ಬರಲಿಲ್ಲ. ಬಾರದಿದ್ದುದರಿಂದ ಧೈರ್ಯವೇನೂ ಹುಟ್ಟಲಿಲ್ಲ; ಪೂವಯ್ಯನಿಗೆ ಒಂದೇ ಗುಂಡು ಸಾಕು. ಅವರು ಕೋಟು ಬಿಚ್ಚಿ ನೆಲಕ್ಕೆ ಬಿಸಾಡಿ ಗೇಟಿನ ಕಡೆ ಓಡಿದರು. ಎಪ್ಪತ್ತು ದಾಟಿದವರ ಓಟ. ನಾನು ಹಿಂದೆಯೇ ಹೋದೆ. ಗೇಟು ದಾಟುವ ಮೊದಲೇ ಎದುರಿನಿಂದ ಪೂವಯ್ಯ ಇಳಿದು ಬರುತ್ತಿದ್ದ. ಅವನ ಕೋವಿ ಆಕಾಶ ನೋಡುತ್ತಿತ್ತು. ಮುಖ ಹಬ್ಬದ ದಿನದ ಹಾಗಿತ್ತು.

"ಅಣ್ಣ, ಅವಳು ಹೆತ್ತಿದ್ದಾಳೆ. ಬಾಯಲ್ಲಿ ಕಚ್ಚಿಕೊಂಡು ಗಾಡಿ ದಾರಿ ದಾಟಿಸಿದಳು. ಒಂದನ್ನು ಆಚೆ ಇಟ್ಟು, ನನ್ನನ್ನು ಒಂದು ಸಲ ನೋಡಿ, ವಾಪಸು ಹೋಗಿ ಇನ್ನೊಂದನ್ನು ತಂದಳು. ಅವಳು ಪೂರ್ತಿ ಹೋದ ಮೇಲೆಯೇ ಹೊಡೆದೆ, ಮೇಲಕ್ಕೆ. ಮರಿ ಎರಡು. ಎರಡು ಹೊಡೆದರೆ ಬೇರೆ ಅರ್ಥ ಆಗ್ತದೆ ಅಂತ ಒಂದೇ ಹೊಡೆದೆ."

ಅವರು ಗೇಟಿನ ಕಂಬ ಹಿಡಿದು ನಿಂತರು. ಆಗ ಹಿಂದಿನಿಂದ ಅವ್ವ ಕೇಳಿದರು.

"ಅಲ್ಲೆಲ್ಲೋ ಹೊಡೆದರೆ ಆಯ್ತಾ ಪೂವಯ್ಯ? ಮನೆ ಅಂಗಳದಲ್ಲಿ ಹೊಡೀಬೇಕಲ್ಲ."

"ಈಗ ಹೊಡೆದರೆ ಎರಡಾಗ್ತದೆ, ಅತ್ತಿಗೆ."

"ನಡುವೆ ಅರ್ಧ ಗಂಟೆ ಬಿಟ್ಟರೆ ಅದು ಎರಡಲ್ಲ. ಒಂದು, ಮತ್ತೆ ಒಂದು." ಅವ್ವ ನನ್ನ ಕಡೆ ತಿರುಗಿದರು. "ಮಗೂ, ಗಡಿಯಾರ ನೋಡು."

ಕೈಗಡಿಯಾರ ಇದ್ದದ್ದು ನನ್ನ ಹತ್ತಿರ ಮಾತ್ರ. ಆ ಅಂಗಳದ ನಡುವೆ ನಾವು ನಾಲ್ಕೂ ಜನ ಕಾದು ನಿಂತೆವು. ಪೂವಯ್ಯ ತೋಟಾ ಹಾಕಿಕೊಂಡ. ಇಪ್ಪತ್ತು ನಿಮಿಷವಾದಾಗ ಒಂದು ಹಕ್ಕಿ ಕೂಗಿತು. ಅವರು ಅತ್ತ ಹೋಗಲಿಲ್ಲ. ಮೂವತ್ತಾಯಿತು ಎಂದೆ. ನಲವತ್ತು ವರ್ಷ ತಮ್ಮ ಅಂಗಳದಲ್ಲಿ ಕೋವಿ ಎತ್ತಗೊಡದ ಮನುಷ್ಯ "ಹೊಡಿ" ಎಂದು ಎರಡೂ ಕಿವಿ ಮುಚ್ಚಿಕೊಂಡರು. ಅವ್ವ ಮುಚ್ಚಿಕೊಳ್ಳಲಿಲ್ಲ. ಸದ್ದು ಬೆಟ್ಟಕ್ಕೆ ಹೋಗಿ ತಿರುಗಿ ಬಂದು ಪೂರ್ತಿ ಆರುವವರೆಗೂ ಅವರು ತಲೆ ಎತ್ತಿ ಕೇಳಿಸಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಲದಲ್ಲಿದ್ದ ಕೋಟನ್ನು ಎತ್ತಿ ಧೂಳು ಕೊಡವಿದರು.

"ಜೀಪಿನಿಂದ ಸಾಮಾನು ಇಳಿಸಿ. ಮನೆಯಲ್ಲಿ ಪುರುಡು. ಹನ್ನೆರಡು ದಿನ ನೀವು ದೇವರ ಕೋಣೆಗೆ ಕಾಲಿಡುವ ಹಾಗಿಲ್ಲ, ಸಭೆಗಿಭೆಗೂ ಹೋಗುವ ಹಾಗಿಲ್ಲ."

"ಅವರು ಶಾಲು ತಂದಿಟ್ಟಿರ್ತಾರೆ" ಎಂದರು ಅವರು, ಬಹಳ ಮೆಲ್ಲಗೆ.

"ಶಾಲು ಹಳಸ್ತದಾ?"

ತಂತಿ ಕೊಡಲು ಪೂವಯ್ಯನೇ ನನ್ನನ್ನು ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಜೀಪು ನಿಲ್ಲಿಸಿ ಸುದ್ದಿ ಹೇಳಿದ್ದರಿಂದ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ತಂತಿ ಕಚೇರಿಯವರು ನಾನು ಬರೆದುಕೊಟ್ಟ 'ಮನೆಯಲ್ಲಿ ಪುರುಡು' ಎಂಬುದನ್ನು ಓದಿ ಮುಖ ಅರಳಿಸಿದರು.

"ಸಂತೋಷ. ಗಂಡೋ, ಹೆಣ್ಣೋ?"

"ಅವಳಿ" ಎಂದೆ. "ಹತ್ತಿರ ಹೋಗಿ ನೋಡುವ ಧೈರ್ಯ ಇನ್ನೂ ಯಾರಿಗೂ ಆಗಿಲ್ಲ."